ಪೇಪರ್ ಓದೋಕೆ ಬರದ ಮಿಲ್ ಹುಡುಗ ಆಕ್ಸ್‌ಫರ್ಡಲ್ಲಿ ಮೇಷ್ಟ್ರಾದ ಕಥೆ, ಜೊತೆಗೆ ಹಳೇ ಇಂಗ್ಲಿಷಿನ ಒಂದು ಪಾಠ

ಆಕ್ಸ್‌ಫರ್ಡಲ್ಲಿ ಜ್ಯಾಕ್ ಅಂತ ಒಂದು ನಾಯಿ ಇತ್ತು. ಯಜಮಾನ "ಸ್ಮಕ್ಕಬಗ್ಮ್ಸ್" ಅಂತ ಕೂಗಿದ್ರೆ ಸಾಕು, ನಾಲಿಗೆ ಚಾಚಿ ಬಾಯಿ ಸವರ್ಕೊಳ್ತಿತ್ತಂತೆ. ಸ್ಮಕ್ಕಬಗ್ಮ್ಸ್ ಅಂದ್ರೆ ಅಂಜೂರದ ಮರ, ಭಾಷೆ ಗಾಥಿಕ್, ಅದನ್ನ ಮಾತಾಡೋ ಜನ ಮಣ್ಣಾಗಿ ನೂರಾರು ವರ್ಷ ಆಗಿತ್ತು. ಸತ್ತ ಭಾಷೆಯ ಪದವನ್ನ ಬದುಕಿರೋ ನಾಯಿಗೆ ಕಲಿಸಿದ ಈ ಮೇಷ್ಟ್ರ ಹೆಸರು ಜೋಸೆಫ್ ರೈಟ್. ಭಾನುವಾರ ಮನೆಗೆ ಟೀಗೆ ಬರ್ತಿದ್ದ ಹುಡುಗರಿಗೆ ಕೇಕನ್ನ ಇಷ್ಟ್ ಇಷ್ಟ್ ದಪ್ಪ ಹೋಳು ಮಾಡಿ ಹಾಕಿ, ಆಮೇಲೆ ನಾಯಿ ಕೈಲಿ ಈ ಆಟ ಆಡಿಸೋರು. ಹಾಗೆ ಕೇಕ್ ತಿಂದ ಹುಡುಗರಲ್ಲಿ ಟೋಲ್ಕಿನ್ ಕೂಡ ಒಬ್ಬ, ಹೌದು, ಅದೇ ಹಾಬಿಟ್ ಬರೆದ ಟೋಲ್ಕಿನ್.

ನಾನು ಎಂಎ ಓದುವಾಗ ಇಂಗ್ಲಿಷ್ ಭಾಷೆಯ ಇತಿಹಾಸ ಅಂತ ಒಂದು ಪೇಪರ್ ಇತ್ತು. ನೋಟ್ಸ್ ಹೇಳಿದ್ರು, ಬರ್ಕೊಂಡ್ವಿ, ಉರು ಹೊಡೆದ್ವಿ, ಪಾಸಾದ್ವಿ, ಗ್ರಿಮ್ಸ್ ಲಾ ಅಂದ್ರೆ ಏನು ಅಂತ ಇವತ್ತು ಕೇಳಿದ್ರೆ ನಮ್ಮ ಬ್ಯಾಚಲ್ಲಿ ಅರ್ಧ ಜನ ಅದು ಕಾನೂನು ವಿಷಯ ಅಂತಾರೆ. ಆ ನೋಟ್ಸಲ್ಲಿ ಈ ರೈಟ್ ಹೆಸರೇ ಇರಲಿಲ್ಲ, ಇದ್ದಿದ್ರೆ ಇಡೀ ಪೇಪರೇ ಬೇರೆ ಥರ ಅರ್ಥ ಆಗ್ತಿತ್ತು ಅನ್ನಿಸುತ್ತೆ. ಅದಕ್ಕೇ ಇದನ್ನ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ಮೊದಲು ರೈಟ್ ಥರದವರು ಕೂತು ಬಿಡಿಸ್ತಿದ್ದ ಮಧ್ಯಕಾಲದ ಇಂಗ್ಲಿಷಿನ ತಲೆನೋವು ಏನು ಅಂತ ನೋಡೋಣ. ಸುಮಾರು 1100ರಿಂದ 1500ರ ತನಕದ್ದನ್ನ ಮಿಡಲ್ ಇಂಗ್ಲಿಷ್ ಅಂತಾರೆ, ಅದಕ್ಕೂ ಹಿಂದಿನದು ಓಲ್ಡ್ ಇಂಗ್ಲಿಷ್. 1066ರಲ್ಲಿ ನಾರ್ಮಂಡಿಯ ವಿಲಿಯಂ ಬಂದು ಇಂಗ್ಲೆಂಡ್ ಗೆದ್ದ, ದರ್ಬಾರು ಫ್ರೆಂಚಾಯ್ತು, ದಸ್ತಾವೇಜು ಲ್ಯಾಟಿನ್ನಾಯ್ತು, ಇಂಗ್ಲಿಷು ಹೊಲ, ಸಂತೆ, ಅಡುಗೆಮನೆ ಸೇರ್ಕೊಂಡ್ತು. ಹೀಗೇ ಬರೀಬೇಕು ಅಂತ ಮೇಲಿಂದ ಹೇಳೋರು ಯಾರೂ ಇಲ್ಲ. ಬರೆಯೋನು ತನ್ನೂರಲ್ಲಿ ಹೆಂಗೆ ಮಾತಾಡ್ತಾರೋ ಹಂಗೇ ಬರೆದ. ನಮ್ಮಲ್ಲಿ ಶಾಲೆ ಪುಸ್ತಕದ ಕನ್ನಡ ಅನ್ನೋದೇ ಇರಲಿಲ್ಲ ಅಂತ ಅಂದ್ಕೊಳ್ಳಿ, ಧಾರವಾಡದೋರು "ಹೊಂಟೀನಿ" ಅಂತ, ಮೈಸೂರೋರು "ಹೊರಟಿದೀನಿ" ಅಂತ, ಕುಂದಾಪುರದೋರು ಅವರ ಪಾಡಿಗೆ ಅವರು, ಎಲ್ಲರೂ ತಮ್ಮ ತಮ್ಮ ಬಾಯಲ್ಲಿ ಬಂದದ್ದನ್ನೇ ಕಾವ್ಯ ಬರೆದಿಟ್ಟು ಹೋಗಿದ್ದಾರೆ, ಆರುನೂರು ವರ್ಷ ಆದ್ಮೇಲೆ ಯಾರೋ ಕೂತು ಅದನ್ನೆಲ್ಲ ಬಿಡಿಸಬೇಕು. ಅದೇ ಕೆಲಸ ಇದು.

ಇದಕ್ಕೆ ಒಂದು ಹಳೇ ಕಥೆ ಇದೆ, ನನಗೆ ಭಾಳ ಇಷ್ಟ. ಇಂಗ್ಲೆಂಡಿಗೆ ಪ್ರಿಂಟಿಂಗ್ ಪ್ರೆಸ್ ತಂದ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಮುನ್ನುಡೀಲಿ ಹೇಳಿದ್ದು. ಕೆಲವು ವ್ಯಾಪಾರಿಗಳು ಥೇಮ್ಸ್ ನದಿಯಿಂದ ಹಡಗಲ್ಲಿ ಹೊರಟಿದ್ರು, ಗಾಳಿ ನಿಂತು ಹೋಯ್ತು, ದಡಕ್ಕಿಳಿದು ಒಂದು ಮನೇಲಿ ಊಟಕ್ಕೆ ಕೇಳಿದ್ರು. ಒಬ್ಬ "ಎಗ್ಗೆಸ್" ಕೊಡಮ್ಮ ಅಂದ. ಆಯಮ್ಮ, ನನಗೆ ಫ್ರೆಂಚ್ ಬರಲ್ಲ ಅಂದ್ಲು. ಇವನಿಗೆ ಸಿಟ್ಟು ಬಂತು, ಯಾಕಂದ್ರೆ ಇವನಿಗೂ ಫ್ರೆಂಚ್ ಬರ್ತಿರಲಿಲ್ಲ! ಕೊನೆಗೆ ಇನ್ನೊಬ್ಬ "ಐರೆನ್" ಅಂದ, ಓ ಅದಾ ಅಂತ ಆಕೆಗೆ ಅರ್ಥ ಆಯ್ತು. ಎರಡೂ ಕೋಳಿಮೊಟ್ಟೆಯೇ. ಒಂದು ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗ್ ಜನ ತಂದ ಉತ್ತರದ ಪದ, ಇನ್ನೊಂದು ದಕ್ಷಿಣದಲ್ಲಿ ಉಳಿದ ಹಳೇ ಪದ. ಮೈಸೂರಿನ ಅಂಗಡೀಲಿ ಹೋಗಿ "ತತ್ತಿ ಕೊಡ್ರಿ" ಅಂದ್ರೆ ಏನಾಗುತ್ತೋ ಅದೇ. ಈಗ ಏನು ಬರೀಬೇಕು ಹೇಳಿ, ಎಗ್ಗೆಸ್ಸೋ ಐರೆನ್ನೋ ಅಂತ ಪಾಪ ಕ್ಯಾಕ್ಸ್‌ಟನ್ ತಲೆ ಕೆರ್ಕೊಂಡಿದ್ದಾನೆ.

ಇದರ ಮೇಲೆ ಇನ್ನೊಂದು ಗೋಜಲು. ಪ್ರೆಸ್ ಬರೋ ಮುಂಚೆ ಎಲ್ಲಾ ಕೈಬರಹ. ಉತ್ತರದ ಕವಿ ಬರೆದದ್ದನ್ನ ದಕ್ಷಿಣದೋನು ಪ್ರತಿ ಮಾಡ್ತಾನೆ, ಮಾಡ್ತಾ ಮಾಡ್ತಾ ತನ್ನೂರ ಮಾತಿಗೆ ತಿದ್ದಿಬಿಡ್ತಾನೆ. ಕಲ್ಲಿಗೆ ಉತ್ತರದಲ್ಲಿ "ಸ್ಟಾನ್" ಅನ್ನೋರು, ದಕ್ಷಿಣದಲ್ಲಿ "ಸ್ಟೋನ್". ಇವನು ಸಾಲಲ್ಲಿ ಸ್ಟೋನ್ ಅಂತ ತಿದ್ದಿದ, ಆದ್ರೆ ಅದರ ಜೋಡಿ ಸಾಲು "ಆನ್" ಅಂತ್ಲೇ ಮುಗಿಯುತ್ತೆ, ಪ್ರಾಸ ಕೂರಲ್ಲ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಈ ಕಾವ್ಯ ಹುಟ್ಟಿದ್ದು ಉತ್ತರದಲ್ಲಿ, ನಮಗೆ ಸಿಕ್ಕ ಪ್ರತಿ ಮಾತ್ರ ದಕ್ಷಿಣದ್ದು ಅಂತ ವಿದ್ವಾಂಸರು ಹೇಳೋದು ಇಂಥ ಸುಳಿವು ಹಿಡ್ಕೊಂಡೇ.

ಈಗ ರೈಟ್ ಹತ್ರ ಬರೋಣ. ಹುಟ್ಟಿದ್ದು 1855ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರಲ್ಲಿ, ಬ್ರ್ಯಾಡ್‌ಫರ್ಡ್ ಪಕ್ಕದ ಥ್ಯಾಕ್ಲಿ ಅನ್ನೋ ಹಳ್ಳೀಲಿ. ಬಡತನ ಅಂದ್ರೆ ಬಡತನ. ಆರನೇ ವಯಸ್ಸಿಗೆ ಕಲ್ಲು ಕ್ವಾರಿಯಲ್ಲಿ ಕತ್ತೆಗಾಡಿ ಹೊಡೆಯೋ ಕೆಲಸ. ಏಳಕ್ಕೆ ಸಾಲ್ಟೇರ್ ಅನ್ನೋ ಊರಲ್ಲಿ ಟೈಟಸ್ ಸಾಲ್ಟ್ ಕಟ್ಟಿಸಿದ್ದ ದೊಡ್ಡ ಮಿಲ್ಲಿಗೆ ಸೇರಿದ, ಡಾಫರ್ ಕೆಲಸ, ಅಂದ್ರೆ ನೂಲು ತುಂಬಿದ ಬಾಬಿನ್ ಕಿತ್ತು ಖಾಲಿದು ಸಿಗಿಸೋದು, ಮತ್ತೆ ಕಿತ್ತು ಮತ್ತೆ ಸಿಗಿಸೋದು. ಅರ್ಧ ದಿನ ಮಿಲ್ಲು, ಅರ್ಧ ದಿನ ಮಿಲ್ಲಿನ ಸ್ಕೂಲು. ಆ ಸ್ಕೂಲಲ್ಲಿ ಕಲಿತದ್ದು ಅಷ್ಟಕ್ಕಷ್ಟೇ. ಸ್ವಲ್ಪ ದೊಡ್ಡವನಾದ ಮೇಲೆ ಬೇರೆ ಮಿಲ್ಲಲ್ಲಿ ಉಣ್ಣೆ ವಿಂಗಡಿಸೋ ಕೆಲಸಕ್ಕೆ ಸೇರಿದ.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಗೂ ಯುದ್ಧ ಶುರು ಆಯ್ತು. ಬಿಡುವಿನ ಹೊತ್ತಲ್ಲಿ ಯಾರಾದ್ರೂ ಪೇಪರ್ ಓದಿ ಹೇಳ್ತಿದ್ರು, ಇವನು ಕೂತು ಕೇಳ್ಬೇಕು. ಹದಿನೈದು ವರ್ಷದ ಹುಡುಗನಿಗೆ ಅದು ತಡೀಲಿಲ್ಲ, ನಾನೇ ಓದ್ತೀನಿ ಅಂತ ಹಠ ಹಿಡಿದ, ಬೈಬಲ್ಲು ಮತ್ತೆ ಬನ್ಯನ್ನನ ಯಾತ್ರಿಕನ ಕಥೆ ಇಟ್ಕೊಂಡು ತಾನೇ ಓದು ಕಲಿತ. ಅಲ್ಲಿಂದ ಮುಂದೆ ನಿಲ್ಲಲೇ ಇಲ್ಲ ನೋಡಿ. ನೈಟ್ ಸ್ಕೂಲ್ ಸೇರಿ ಫ್ರೆಂಚ್, ಜರ್ಮನ್, ಲ್ಯಾಟಿನ್, ಲೆಕ್ಕ, ಶಾರ್ಟ್‌ಹ್ಯಾಂಡ್ ಎಲ್ಲ ಕಲಿತ, ಜೊತೆಗೆ ತನ್ನ ಮನೇಲೇ ರಾತ್ರಿ ಶಾಲೆ ಶುರು ಮಾಡಿ ಮಿಲ್ಲಿನ ಹುಡುಗರಿಂದ ವಾರಕ್ಕೆ ಎರಡು ಪೆನ್ನಿ ತಗೊಂಡು ಪಾಠ ಹೇಳ್ದ. 1876ರಲ್ಲಿ ಕೂಡಿಟ್ಟ 40 ಪೌಂಡ್ ಕಟ್ಕೊಂಡು ಜರ್ಮನಿಯ ಹೈಡಲ್‌ಬರ್ಗ್ ಯೂನಿವರ್ಸಿಟಿಗೆ ಹೊರಟ, ಹಡಗಲ್ಲಿ ಆಂಟ್‌ವರ್ಪ್ ತನಕ, ಅಲ್ಲಿಂದ ದುಡ್ಡು ಉಳಿಸೋಕೆ ನಡ್ಕೊಂಡು! ಸುಮಾರು 400 ಕಿಲೋಮೀಟರ್. ಬೆಂಗಳೂರಿಂದ ಹುಬ್ಬಳ್ಳಿಗೆ ನಡೆದ ಹಾಗೆ.

ದುಡ್ಡು ಮುಗೀತು, ವಾಪಸ್ ಬಂದು ಸ್ಕೂಲ್ ಮೇಷ್ಟ್ರಾದ. 1882ರಲ್ಲಿ ಮತ್ತೆ ಹೈಡಲ್‌ಬರ್ಗಿಗೆ ಹೋದ. ಹೋಗಿದ್ದು ಲೆಕ್ಕ ಓದೋಕೆ, ಅಲ್ಲಿ ಹರ್ಮನ್ ಓಸ್ತಾಫ್ ಅನ್ನೋ ಪ್ರೊಫೆಸರ್ ಕೈಗೆ ಸಿಕ್ಕಿ ಭಾಷಾಶಾಸ್ತ್ರಕ್ಕೆ ಬಿದ್ದ. 1885ರಲ್ಲಿ ಡಾಕ್ಟರೇಟ್ ಬಂತು. ಇಲ್ಲಿತನಕ "ಅವನು" ಅಂದೆ, ಇನ್ಮೇಲೆ "ಅವರು" ಅನ್ನೋಣ. ಈ ನೀನು-ನೀವು ವಿಷಯಕ್ಕೆ ಆಮೇಲೆ ಬರ್ತೀನಿ, ಅದಕ್ಕೂ ಇದಕ್ಕೂ ಸಂಬಂಧ ಇದೆ.

ಈ ಓಸ್ತಾಫ್ ಏನು ಹೇಳಿಕೊಟ್ರು ಅನ್ನೋದೇ ಇಡೀ ವಿಷಯದ ಕಷ್ಟದ ಭಾಗ, ಆದ್ರೆ ಕನ್ನಡದವರಿಗೆ ಇದು ಸಲೀಸು, ನಿಜವಾಗ್ಲೂ. ಹಳಗನ್ನಡದ "ಪಾಲ್" ಹಾಲಾಯ್ತು, "ಪುಲಿ" ಹುಲಿ ಆಯ್ತು, "ಪೂ" ಹೂ ಆಯ್ತು. ಯಾರೋ ಒಂದೊಂದೇ ಪದ ಹಿಡಿದು ಬದಲಾಯಿಸಿದ್ದಲ್ಲ, ಪದದ ಮೊದಲಲ್ಲಿದ್ದ ಪಕಾರ ಸಾಲಾಗಿ ಹಕಾರ ಆಯ್ತು. ಪಕ್ಕದ ತುಳುವಿನಲ್ಲಿ ಹುಲಿ ಇವತ್ತಿಗೂ "ಪಿಲಿ". ಇದೇ ಥರ ಇಂಗ್ಲಿಷ್, ಜರ್ಮನ್, ಗಾಥಿಕ್ ಇವುಗಳ ಪೂರ್ವಜ ಭಾಷೇಲಿ ಪಕಾರ ಫಕಾರ ಆಯ್ತು, ತ ಇದ್ದದ್ದು ಥ ಆಯ್ತು, ದ ಇದ್ದದ್ದು ಟ ಆಯ್ತು. ಸಂಸ್ಕೃತದಲ್ಲಿ ಹಳೇದು ಉಳಿದಿದೆ ಅನ್ನೋದರಿಂದ ಪಕ್ಕದಲ್ಲಿಟ್ಟು ನೋಡಿ: ಪಾದ, ಫುಟ್. ಪಿತೃ, ಫಾದರ್. ತ್ರಿ, ಥ್ರೀ. ದಂತ, ಟೂತ್. ದಶ, ಟೆನ್. ಇದೇ ಆ ಗ್ರಿಮ್ಸ್ ಲಾ, ಉರು ಹೊಡೆಯೋಕೆ ಏನೂ ಇಲ್ಲ ಇದರಲ್ಲಿ.

ಓಸ್ತಾಫ್ ಮತ್ತು ಬ್ರುಗ್‌ಮನ್ ಅಂತ ಇನ್ನೊಬ್ಬರು ಸೇರಿ 1878ರಲ್ಲಿ ಇನ್ನೂ ಗಟ್ಟಿಯಾಗಿ ಹೇಳಿದ್ರು, ಇಂಥ ಧ್ವನಿ ನಿಯಮಕ್ಕೆ ಅಪವಾದವೇ ಇಲ್ಲ ಅಂತ. ಅಪವಾದ ಕಂಡ್ರೆ ಅದಕ್ಕೊಂದು ಕಾರಣ ಇರ್ಲೇಬೇಕು, ಹುಡುಕು. ಕನ್ನಡದಲ್ಲೇ ನೋಡಿ, ಪಕಾರ ಹಕಾರ ಆದ್ರೆ "ಪುಸ್ತಕ" ಯಾಕೆ ಹುಸ್ತಕ ಆಗ್ಲಿಲ್ಲ? ಯಾಕಂದ್ರೆ ಅದು ನೇರ ಸಂಸ್ಕೃತದಿಂದ ಹಾಗೇ ಎತ್ಕೊಂಡ ಪದ. ಅದೇ ಪದ ಪ್ರಾಕೃತದ ದಾರಿ ಹಿಡಿದು ಮುಂಚೆನೇ ಬಂದು "ಪೊತ್ತಗೆ" ಆಗಿತ್ತು, ಅದು ನಿಯಮಕ್ಕೆ ಸಿಕ್ಕಿ "ಹೊತ್ತಿಗೆ" ಆಯ್ತು. ಇಂಗ್ಲಿಷಲ್ಲಿ ಶರ್ಟು ಮತ್ತು ಸ್ಕರ್ಟು ಹೀಗೇ, ಮೂಲ ಒಂದೇ ಪದ, ಒಂದು ಊರಲ್ಲೇ ಇದ್ದು "ಸ್ಕ" ಹೋಗಿ "ಶ" ಆದದ್ದು, ಇನ್ನೊಂದು ವೈಕಿಂಗ್ ಜೊತೆ ಬಂದು "ಸ್ಕ" ಉಳಿಸ್ಕೊಂಡದ್ದು.

ಇನ್ನೊಂದು ಅಪವಾದದ ಕಥೆಯಂತೂ ವೇದಪಾಠ ಬಲ್ಲವರಿಗೆ ಖುಷಿ ಕೊಡುತ್ತೆ. ಪಿತೃ, ಭ್ರಾತೃ, ಎರಡರಲ್ಲೂ ಇರೋದು ತಕಾರ. ಆದ್ರೆ ಓಲ್ಡ್ ಇಂಗ್ಲಿಷಲ್ಲಿ ಅಪ್ಪ "ಫೆಡರ್" ಅಂತ ಡಕಾರ, ಅಣ್ಣತಮ್ಮ "ಬ್ರೋಥರ್" ಅಂತ ಥಕಾರ. ಯಾಕೆ ಎರಡು ಥರ? ಡೆನ್ಮಾರ್ಕಿನ ಕಾರ್ಲ್ ವರ್ನರ್ 1870ರ ದಶಕದಲ್ಲಿ ಉತ್ತರ ಕಂಡುಹಿಡಿದದ್ದು ವೈದಿಕ ಸಂಸ್ಕೃತದ ಸ್ವರ ನೋಡಿ, ಪಿತೃವಿನಲ್ಲಿ ಉದಾತ್ತ, ಅಂದ್ರೆ ಏರುದನಿ, ಕೊನೇ ಅಕ್ಷರದ ಮೇಲೆ, ಭ್ರಾತೃವಿನಲ್ಲಿ ಮೊದಲ ಅಕ್ಷರದ ಮೇಲೆ. ಸ್ವರ ಎಲ್ಲಿ ಬೀಳುತ್ತೆ ಅನ್ನೋದರ ಮೇಲೆ ವ್ಯಂಜನ ಬೇರೆ ಆಗಿತ್ತು. ಋಗ್ವೇದ ಬಾಯಲ್ಲಿ ಉಳಿಸಿದ್ದೋರಿಂದ ಇಂಗ್ಲಿಷಿನ ಅಪ್ಪ-ಅಣ್ಣನ ಜಗಳ ಬಗೆಹರೀತು ಅಂತಾಯ್ತು.

ಋಗ್ವೇದ ಅಂದ ಮೇಲೆ ಮ್ಯಾಕ್ಸ್ ಮುಲ್ಲರ್ ಬರ್ಲೇಬೇಕಲ್ಲ. ಋಗ್ವೇದ ಅಚ್ಚು ಹಾಕಿಸಿ ತನ್ನ ಹೆಸರನ್ನ ಸಂಸ್ಕೃತದಲ್ಲಿ "ಮೋಕ್ಷಮೂಲರ" ಅಂತ ಬರ್ಕೊಂಡಿದ್ದ ಅದೇ ಮಹಾಶಯರು. 1888ರಲ್ಲಿ ರೈಟ್ ಆಕ್ಸ್‌ಫರ್ಡಿಗೆ ಬಂದದ್ದು ಅವರ ಬೆಂಬಲದಿಂದ, ಮುಂದೆ ಅವರ ಡೆಪ್ಯುಟಿ ಪ್ರೊಫೆಸರ್ ಆದ್ರು, ಮುಲ್ಲರ್ 1900ರಲ್ಲಿ ತೀರ್ಕೊಂಡ ಮೇಲೆ 1901ರಲ್ಲಿ ಅದೇ ಕುರ್ಚಿ, ತುಲನಾತ್ಮಕ ಭಾಷಾಶಾಸ್ತ್ರದ ಪ್ರೊಫೆಸರ್. ಕತ್ತೆಗಾಡಿಯಿಂದ ಇಲ್ಲಿಗೆ.

ಇಷ್ಟೇ ಆಗಿದ್ರೆ ಇದು ಬಡವ ಮೇಲೆ ಬಂದ ಕಥೆ, ವಾಟ್ಸಾಪಲ್ಲಿ ದಿನಾ ಬರುತ್ತೆ. ನನಗೆ ಹಿಡಿಸಿದ್ದು ಬೇರೆ. ಮೇಲೆ ಬರೋಕೆ ಸಾಮಾನ್ಯವಾಗಿ ಜನ ಮೊದಲು ಬಿಡೋದು ತಮ್ಮೂರ ಮಾತನ್ನ, ಬೆಂಗಳೂರಿಗೆ ಬಂದ ನಮ್ಮ ಕಡೆ ಹುಡುಗ್ರು ಮೂರು ತಿಂಗಳಲ್ಲಿ ರಾಗ ಬದಲಾಯಿಸ್ತಾರಲ್ಲ ಹಾಗೆ. ಈ ಮನುಷ್ಯ ಬಿಡ್ಲಿಲ್ಲ. ಆಕ್ಸ್‌ಫರ್ಡಲ್ಲೂ ಯಾರ್ಕ್‌ಶೈರ್ ಮಾತೇ, ಮನೆಗೂ ಥ್ಯಾಕ್ಲಿ ಅಂತ್ಲೇ ಹೆಸರು. ಅಷ್ಟಲ್ಲದೆ 1892ರಲ್ಲಿ ತಾವು ಬೆಳೆದ ವಿಂಡ್‌ಹಿಲ್ ಅನ್ನೋ ಊರಿನ ಆಡುಮಾತಿಗೆ ಒಂದು ಪೂರ್ತಿ ವ್ಯಾಕರಣ ಬರೆದ್ರು, ಹೈಡಲ್‌ಬರ್ಗಲ್ಲಿ ಕಲಿತ ಶಾಸ್ತ್ರವನ್ನ ಮಿಲ್ಲಿನವರ ಮಾತಿಗೆ ಹಚ್ಚಿ. ಅಲ್ಲಿತನಕ ಹಳ್ಳಿ ಮಾತು ಅಂದ್ರೆ ಸರಿಯಾದ ಇಂಗ್ಲಿಷನ್ನ ಕೆಡಿಸಿದ್ದು ಅಂತ್ಲೇ ಓದಿದವರ ಎಣಿಕೆ. ಅದು ಕೆಟ್ಟಿದ್ದಲ್ಲ, ಹಳೇದೇ ಉಳಿದಿರೋದು ಅನ್ನೋದನ್ನ ಅಂಥ ವ್ಯಾಕರಣ ತೋರಿಸುತ್ತೆ.

ಒಂದೇ ಒಂದು ಪದ ತಗೋತೀನಿ. ಯಾರ್ಕ್‌ಶೈರಲ್ಲಿ "ಲೇಕ್" ಅಂದ್ರೆ ಆಟ ಆಡು ಅಂತ. ಕೆರೆ ಲೇಕ್ ಅಲ್ಲ, ಮಂಗಳೂರಿನ "ಲಾಯ್ಕ್" ಕೂಡ ಅಲ್ಲ. ಮಕ್ಕಳು ಬೀದೀಲಿ ಲೇಕ್ ಮಾಡ್ತಾರೆ, ಮಿಲ್ಲಲ್ಲಿ ಕೆಲಸ ಇಲ್ಲದೆ ಮನೇಲಿ ಕೂತೋರೂ ಲೇಕ್ ಮಾಡ್ತಿದಾರೆ ಅಂತ್ಲೇ ಹೇಳೋದು. ಲಂಡನ್ನಿನ ಇಂಗ್ಲಿಷಲ್ಲಿ ಈ ಪದ ಇಲ್ಲ. ಈಗ 14ನೇ ಶತಮಾನದ ಕೊನೆಗೆ ಹೋಗಿ. ಆರ್ಥರ್ ರಾಜನ ಕಡೆಯ ವೀರ ಗವೇನ್ ಮೇಲೆ ಒಂದು ಕಾವ್ಯ ಇದೆ, ಬರೆದದ್ದು ಯಾರು ಅಂತ್ಲೇ ಗೊತ್ತಿಲ್ಲ, ಇರೋದು ಒಂದೇ ಒಂದು ಹಸ್ತಪ್ರತಿ. ಅದರಲ್ಲಿ ಕ್ರಿಸ್‌ಮಸ್ ಹಬ್ಬದ ಆಟ-ನಾಟಕ ಹೇಳೋವಾಗ "ಲೈಕಿಂಗ್" ಅನ್ನೋ ಪದ ಬರುತ್ತೆ. ಇದೇ ಪದ. ಇನ್ನೂ ಹಿಂದೆ ಹೋಗಿ, ನಾಲ್ಕನೇ ಶತಮಾನದಲ್ಲಿ ಬಿಷಪ್ ವುಲ್ಫಿಲ ಮಾಡಿದ ಗಾಥಿಕ್ ಬೈಬಲ್ಲು. ಲೂಕನ ಸುವಾರ್ತೆಯಲ್ಲಿ ಎಲಿಸಬೇತಳ ಹೊಟ್ಟೇಲಿದ್ದ ಕೂಸು ನಲಿದಾಡ್ತು ಅಂತ ಬರುತ್ತಲ್ಲ, ಅಲ್ಲಿ ಗಾಥಿಕ್ಕಿನಲ್ಲಿ "ಲೆಲೈಕ್ ಬಾರ್ನ್" ಅಂತಿದೆ. ಲೆಲೈಕ್ ಅಂದ್ರೆ ನಲೀತು, ಕುಣೀತು. ಬಾರ್ನ್ ಅಂದ್ರೆ ಕೂಸು, ಯಾರ್ಕ್‌ಶೈರಲ್ಲಿ ಇವತ್ತಿಗೂ ಮಗುವಿಗೆ "ಬೇರ್ನ್" ಅಂತಾರೆ.

ಅಂದ್ರೆ ನೋಡಿ, ಓದೋಕೆ ಬರದ ಏಳು ವರ್ಷದ ಡಾಫರ್ ಹುಡುಗ ಬೀದೀಲಿ ಕೂಗ್ತಿದ್ದ ಎರಡು ಪದ, ಸಾವಿರದ ಐನೂರು ವರ್ಷ ಹಳೇ ಬೈಬಲ್ಲಿನ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕೂತಿವೆ. ಇದನ್ನ ಮೊದಲ ಸಲ ಪಕ್ಕದಲ್ಲಿಟ್ಟು ನೋಡಿದಾಗ ನನಗಂತೂ ಮೈ ಜುಂ ಅಂತು.

ನೀನು-ನೀವು ಹೇಳ್ತೀನಿ ಅಂದಿದ್ನಲ್ಲ. ಮಧ್ಯಕಾಲದ ಇಂಗ್ಲಿಷಲ್ಲಿ ನಮ್ಮ ಥರಾನೇ "ಥೌ" ನೀನು, "ಯೀ" ನೀವು. ಶಿಷ್ಟ ಇಂಗ್ಲಿಷ್ ನೀನು ಕಳ್ಕೊಂಡು ಎಲ್ಲರಿಗೂ ಯೂ ಅಂತು. ಯಾರ್ಕ್‌ಶೈರಿನವರು "ಥಾ" ಅಂತ ಉಳಿಸ್ಕೊಂಡ್ರು, ಜೊತೆಗೆ ಅದರ ಜಗಳವನ್ನೂ. ಅಲ್ಲಿ ಒಂದು ಗಾದೆಮಾತು ಥರ ಇದೆ, ನನ್ನನ್ನ ಥಾ ಅನ್ಬೇಡ, ನಿನ್ನನ್ನ ನೀನೇ ಥಾ ಅಂದ್ಕೊಂಡು ನೋಡು ಹೆಂಗಿರುತ್ತೆ ಅಂತ. ಏಕವಚನದಲ್ಲಿ ಮಾತಾಡಬೇಡಿ ಸ್ವಾಮಿ ಅಂತ ನಮ್ಮ ಬಸ್ಸಲ್ಲಿ ಆಗೋ ಗಲಾಟೆಯೇ ಇದು, ಲಂಡನ್ನಿನವರಿಗೆ ಈ ಬೈಗುಳದ ಸುಖವೇ ತಪ್ಪಿಹೋಯ್ತು.

ರೈಟ್ ಮಾಡಿದ ದೊಡ್ಡ ಕೆಲಸ ಇಂಗ್ಲಿಷ್ ಉಪಭಾಷೆಗಳ ನಿಘಂಟು. ಕೇಂಬ್ರಿಡ್ಜಿನ ಸ್ಕೀಟ್ ಅಂತ ಒಬ್ಬ ಪ್ರೊಫೆಸರ್, 14ನೇ ಶತಮಾನದ ಕವಿ ಚಾಸರ್ ಕಾವ್ಯವನ್ನೆಲ್ಲ ಸಂಪಾದನೆ ಮಾಡಿದವರು, 1873ರಲ್ಲಿ ಇದಕ್ಕೇ ಅಂತ ಒಂದು ಸಂಘ ಕಟ್ಟಿ ವರ್ಷಗಟ್ಟಲೆ ಪದ ಬರೆದ ಚೀಟಿ ಸೇರಿಸಿಟ್ಟಿದ್ರು, ಕೂತು ನಿಘಂಟು ಮಾಡೋರು ಬೇಕಿತ್ತು, ಅದು ರೈಟ್ ಪಾಲಿಗೆ ಬಂತು. ಅದೇ ಆಕ್ಸ್‌ಫರ್ಡಲ್ಲಿ ಅದೇ ಹೊತ್ತಿಗೆ ಜೇಮ್ಸ್ ಮರ್ರೆ ಪ್ರಸಿದ್ಧ ಆಕ್ಸ್‌ಫರ್ಡ್ ನಿಘಂಟು ಮಾಡ್ತಿದ್ರು, 1884ರಲ್ಲಿ ಮೊದಲ ಕಂತು ಬಂದದ್ದು ಮುಗಿಯೋಕೆ 1928 ಆಯ್ತು, ಅಷ್ಟರಲ್ಲಿ ಮರ್ರೆ ಇರಲಿಲ್ಲ. ಅದು ಹೆಚ್ಚಾಗಿ ಬರೆದದ್ದರಿಂದ ಹೆಕ್ಕಿದ್ದು. ರೈಟ್ ಹೆಕ್ಕಬೇಕಿದ್ದದ್ದು ಆಡುಮಾತನ್ನ, ಅದೂ ಅದಕ್ಕೆ ಹಿಂದಿನ ಇನ್ನೂರು ವರ್ಷದಲ್ಲಿ ಯಾವ ಜಿಲ್ಲೇಲಿ ಯಾವ ಪದ ಆಡ್ತಿದ್ರೋ ಎಲ್ಲ. ಊರೂರಿನ ಪಾದ್ರಿಗಳು, ಮೇಷ್ಟ್ರುಗಳು, ಮನೆ ಹೆಂಗಸರು, ನೂರಾರು ಜನ ಬಿಟ್ಟಿಯಾಗಿ ಪದ ಬರೆದು ಕಳಿಸಿದ್ರು. ಅಚ್ಚು ಹಾಕೋಕೆ ಯಾರೂ ಮುಂದೆ ಬರದೆ ಚಂದಾ ಎತ್ತಿ, ತಮ್ಮ ಕೈಯಿಂದ ದುಡ್ಡು ಹಾಕಿ ರೈಟೇ ಪ್ರಕಾಶಕರಾದ್ರು. ಯೂನಿವರ್ಸಿಟಿ ಪ್ರೆಸ್ಸಿನವರು ಕೂತು ಕೆಲಸ ಮಾಡೋಕೆ ಜಾಗ ಕೊಟ್ರು. 1898ರಿಂದ 1905ರ ಒಳಗೆ ಆರು ಸಂಪುಟ, ಮುಗಿಸಿಯೇಬಿಟ್ರು. ಕೊನೇ ಸಂಪುಟದಲ್ಲಿ ಎಲ್ಲ ಉಪಭಾಷೆಗಳ ವ್ಯಾಕರಣವೂ ಇದೆ. ನಿಘಂಟು ಶುರು ಮಾಡಿದೋನು ಬದುಕಿರುವಾಗಲೇ ಮುಗಿಯೋದು ಎಷ್ಟು ಅಪರೂಪ ಅನ್ನೋದು ನಿಘಂಟಿನವರನ್ನ ಕೇಳಿ.

ಇದರಲ್ಲಿ ಎಲಿಜಬೆತ್ ಮೇರಿ ಪಾಲೂ ದೊಡ್ಡದು. ರೈಟ್ ಅವರ ವಿದ್ಯಾರ್ಥಿನಿ ಆಗಿದ್ದವರು, 1896ರಲ್ಲಿ ಅವರನ್ನೇ ಮದುವೆ ಆದ್ರು. ಆಕ್ಸ್‌ಫರ್ಡು ಹೆಣ್ಣುಮಕ್ಕಳಿಗೆ ಪಾಠ ಹೇಳ್ತಿತ್ತು, ಡಿಗ್ರಿ ಮಾತ್ರ 1920ರ ತನಕ ಕೊಡ್ತಿರಲಿಲ್ಲ, ಅಂಥ ಕಾಲದಲ್ಲಿ ಓದಿದವರು. 1908ರ ಓಲ್ಡ್ ಇಂಗ್ಲಿಷ್ ವ್ಯಾಕರಣ, 1923ರ ಮಿಡಲ್ ಇಂಗ್ಲಿಷ್ ವ್ಯಾಕರಣ ಎರಡರ ಮೇಲೂ ಇಬ್ಬರ ಹೆಸರಿದೆ, 1913ರಲ್ಲಿ ಹಳ್ಳಿ ಮಾತು-ನಂಬಿಕೆಗಳ ಮೇಲೆ ಆಕೆ ಸ್ವಂತ ಪುಸ್ತಕ ತಂದ್ರು, ಗಂಡನ ಜೀವನಚರಿತ್ರೆ ಬರೆದದ್ದೂ ಆಕೆಯೇ. ಇಬ್ಬರು ಮಕ್ಕಳಿದ್ರು, ಎರಡೂ ಚಿಕ್ಕ ವಯಸ್ಸಲ್ಲೇ ಹೋದ್ವು.

ಟೋಲ್ಕಿನ್ ವಿಷಯ ಪೂರ್ತಿ ಮಾಡಿಬಿಡ್ತೀನಿ. ಸ್ಕೂಲ್ ಹುಡುಗ ಆಗಿದ್ದಾಗ ರೈಟ್ ಬರೆದ ಗಾಥಿಕ್ ಪ್ರೈಮರ್ ಸೆಕೆಂಡ್‌ಹ್ಯಾಂಡಲ್ಲಿ ಸಿಕ್ಕಿ ಹುಚ್ಚು ಹಿಡಿದಿತ್ತು, ಆಕ್ಸ್‌ಫರ್ಡಿಗೆ ಬಂದ್ರೆ ಅದೇ ಮೇಷ್ಟ್ರು. ಸೆಲ್ಟಿಕ್ (ಅಂದ್ರೆ ವೆಲ್ಶ್, ಐರಿಷ್ ಥರದ ಭಾಷೆಗಳು) ಓದು ಹುಡುಗಾ, ಅದರಲ್ಲಿ ದುಡ್ಡಿದೆ ಅಂತ ರೈಟ್ ಬುದ್ಧಿ ಹೇಳಿದ್ರಂತೆ, ಅಪ್ಪಟ ಮಿಲ್ ಊರಿನ ಲೆಕ್ಕಾಚಾರ. ಮುಂದೆ ಟೋಲ್ಕಿನ್ ಯಾರ್ಕ್‌ಶೈರಿನ ಲೀಡ್ಸಲ್ಲೇ ಮೇಷ್ಟ್ರಾದ್ರು, ಗೋರ್ಡನ್ ಅನ್ನೋ ಇನ್ನೊಬ್ಬ ವಿದ್ವಾಂಸರ ಜೊತೆ ಸೇರಿ 1925ರಲ್ಲಿ ಅದೇ ಗವೇನ್ ಕಾವ್ಯ ಸಂಪಾದನೆ ಮಾಡಿದ್ರು, 1928ರಲ್ಲಿ ಹಡರ್ಸ್‌ಫೀಲ್ಡ್ ಕಡೆಯ ಆಡುಮಾತಿನ ಪದಕೋಶಕ್ಕೆ ಮುನ್ನುಡಿ ಬರೆದ್ರು. 1934ರಲ್ಲಿ ಅವರದೊಂದು ಉದ್ದನೇ ಲೇಖನ ಬಂತು. ಚಾಸರ್ ಒಂದು ಕಥೇಲಿ ಉತ್ತರದಿಂದ ಬಂದ ಇಬ್ಬರು ಸ್ಟೂಡೆಂಟ್ಸ್ ಬಾಯಲ್ಲಿ ಉತ್ತರದ ಮಾತೇ ಆಡಿಸಿ ಲಂಡನ್ನಿನವರನ್ನ ನಗಿಸ್ತಾನೆ, ಹೋಮ್ ಅನ್ನೋ ಕಡೆ "ಹಾಮ್" ಅಂತೆಲ್ಲ. ನಮ್ಮ ಸಿನಿಮಾದಲ್ಲಿ ಕಾಮಿಡಿಗೆ ಅಂತ ಉತ್ತರ ಕರ್ನಾಟಕದ ಭಾಷೆ ತರ್ತಾರಲ್ಲ ಹಾಗೆ, ಒಂದೇ ವ್ಯತ್ಯಾಸ, ಚಾಸರ್ ಸರಿಯಾಗಿ ಕೇಳಿಸ್ಕೊಂಡು ಬರೆದಿದ್ದ. ಎಷ್ಟು ಸರಿಯಾಗಿ ಅಂತ ಟೋಲ್ಕಿನ್ ಪದ ಪದ ಹಿಡಿದು ತೂಗಿದ್ದಾರೆ.

ರೈಟ್ 1930ರ ಫೆಬ್ರವರಿಯಲ್ಲಿ ತೀರ್ಕೊಂಡ್ರು. ನಿಘಂಟು ಈಗ ಆಸ್ಟ್ರಿಯಾದ ಇನ್ಸ್‌ಬ್ರುಕ್ ಯೂನಿವರ್ಸಿಟಿಯವರು ಡಿಜಿಟಲ್ ಮಾಡಿ ಆನ್‌ಲೈನಲ್ಲಿ ಇಟ್ಟಿದ್ದಾರೆ, ಜಿಲ್ಲೆ ಜಿಲ್ಲೆ ಹಿಡಿದು ಹುಡುಕಬಹುದು, ರಾತ್ರಿ ಶುರು ಮಾಡ್ಬೇಡಿ, ನಿದ್ದೆ ಕೆಡುತ್ತೆ.

ಅವರು ಬಾಬಿನ್ ಕೀಳ್ತಿದ್ದ ಸಾಲ್ಟ್ ಮಿಲ್ಲು 1986ರಲ್ಲಿ ಮುಚ್ಚಿತು. ಈಗ ಅಲ್ಲಿ ಡೇವಿಡ್ ಹಾಕ್ನಿ ಚಿತ್ರಗಳ ಗ್ಯಾಲರಿ ಇದೆ, ಊರು ಯುನೆಸ್ಕೋ ಪಟ್ಟೀಲಿದೆ, ಟೂರಿಸ್ಟ್‌ಗಳು ಬರ್ತಾರೆ, ಫೋಟೋ ತೆಗೀತಾರೆ. ರೈಟ್ ಊರಿನವರ ಮಾತಲ್ಲಿ ಹೇಳೋದಾದ್ರೆ ಮಿಲ್ಲು ನಲವತ್ತು ವರ್ಷದಿಂದ ಲೇಕ್ ಮಾಡ್ತಿದೆ.